ಗಾಂಧಿಯ ರಾತ್ರಿಗಳು ಮತ್ತು ನನ್ನ ಮಣಿಕಟ್ಟಿನ ನಿದ್ದೆ ಬ್ಯಾಂಡು

ನಾನು ಕೆಲಸ ಮಾಡೋ ಬೆಂಗಳೂರಿನ ಆಫೀಸಿನಿಂದ ಒಂದು ಮೇಲ್ ಬಂತು. ನಿದ್ದೆ ಅಳೆಯುವ ಬ್ಯಾಂಡನ್ನ ಎಲ್ಲರಿಗೂ ಪುಕ್ಕಟೆ ಕೊಡ್ತಾರಂತೆ. ಬ್ಯಾಂಡು ಬೇಡ ಅನ್ನೋರು ಉಂಗುರ ತಗೋಬಹುದು. ಷರತ್ತು ಒಂದೇ: ಅದರ ಆ್ಯಪನ್ನು ಕಂಪನಿಯ ಖಾತೆಗೆ ಜೋಡಿಸಬೇಕು. ಪ್ರತಿ ವಾರ ತಂಡವಾರು ಅಂಕಪಟ್ಟಿ ಬರುತ್ತೆ, ಚೆನ್ನಾಗಿ ನಿದ್ದೆ ಮಾಡಿದವರಿಗೆ ಬಹುಮಾನ. ಒಪ್ಪಿಗೆಯ ಫಾರಂ ತುಂಬೋಕೆ ತಿಂಗಳ ಕೊನೆಯವರೆಗೆ ಟೈಮು.

ನಮ್ಮ ಶಿಫ್ಟು ಅಮೆರಿಕದ ಹಗಲಿಗೆ ಹೊಂದಿಸಿದ್ದು. ಸಂಜೆ ಆರೂವರೆಗೆ ಶುರುವಾದರೆ ಮುಗಿಯೋದು ಬೆಳಗಿನ ಜಾವ ಮೂರೂವರೆಗೆ. ನಿದ್ದೆ ಕೆಡಿಸುವ ವೇಳಾಪಟ್ಟಿಯೂ ಅವರದೇ, ನಿದ್ದೆ ಎಷ್ಟು ಕೆಟ್ಟಿದೆ ಅಂತ ಅಳೆಯುವ ಯಂತ್ರವೂ ಅವರದೇ. ಹಾಗಂತ ನಾನೇನೂ ಸಿಟ್ಟಿಗೇಳಲಿಲ್ಲ. ಫ್ರೀ ಅಂದ್ರೆ ಯಾರಿಗೆ ಬೇಡ? ಬ್ಯಾಂಡೋ ಉಂಗುರವೋ ಅನ್ನೋ ಪ್ರಶ್ನೆ ಇಟ್ಕೊಂಡೇ ರಜೆಗೆ ಊರಿಗೆ ಬಂದೆ.

ಊರು ಅಂದರೆ ಜೋಯಿಡಾ. ನಿಜವಾದ ಊರು ಸೂಪಾ, ಅದು ನೀರಿನಡಿ ಇದೆ. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದ ಮೇಲೆ ತಾಲೂಕು ಕೇಂದ್ರವಾಗಿದ್ದ ಸೂಪಾ ಮುಳುಗಿತು. ಎಷ್ಟೋ ಮನೆಗಳು ಎದ್ದು ರಾಮನಗರಕ್ಕೆ ಹೋದವು. ಬೆಂಗಳೂರಿನ ಪಕ್ಕದ್ದಲ್ಲ, ನಮ್ಮ ತಾಲೂಕಿನದೇ ರಾಮನಗರ. ಕಾಳಿಯ ಕರೆಂಟು ರಾಜ್ಯದ ಪೇಟೆಗಳನ್ನ ರಾತ್ರಿಯಿಡೀ ಬೆಳಗುತ್ತೆ. ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಗೆಳೆಯನಿಂದ ಎರವಲು ತಂದ ಬ್ಯಾಂಡು ಮನೆಯಲ್ಲಿ ಸಿಂಕ್ ಆಗಲೇ ಇಲ್ಲ. ನಿದ್ದೆ ಹೆಂಗಾಯ್ತು ಅಂತ ತಿಳ್ಕೊಳ್ಳೋಕೂ ನೆಟ್‌ವರ್ಕ್ ಬೇಕನಾ ಅಂತ ಆಯಿ ನಕ್ಕಳು.

ನೆಟ್ ಇಲ್ಲದ ಆ ನಾಲ್ಕು ದಿನ ಅಪ್ಪನ ಟ್ರಂಕಿನಲ್ಲಿದ್ದ ಗಾಂಧಿಯ ಪುಸ್ತಕಗಳನ್ನ ಓದಿದೆ. ಶಾಲೆಯಲ್ಲಿ ಓದಿದ ಗಾಂಧಿ ಬರೀ ಹಗಲಿನ ಮನುಷ್ಯ: ಉಪ್ಪು, ಚರಕ, ಸಭೆ, ಉಪವಾಸ. ಈ ಸಲ ಕಣ್ಣಿಗೆ ಬಿದ್ದದ್ದು ಅವರ ರಾತ್ರಿಗಳು. ಈ ಮನುಷ್ಯನ ಬದುಕಿನ ಮುಖ್ಯ ತಿರುವುಗಳೆಲ್ಲ ನಿದ್ದೆಯ ಹೊತ್ತಿನಲ್ಲೇ ನಡೆದಿವೆಯಲ್ಲ ಅನ್ನಿಸಿತು. ಆ ಬದುಕನ್ನು ರಾತ್ರಿಗಳ ಲೆಕ್ಕದಲ್ಲಿ ಇಲ್ಲಿ ಹೇಳ್ತೀನಿ. ಬ್ಯಾಂಡಿನ ವಿಷಯಕ್ಕೆ ಆಮೇಲೆ ಬರೋಣ.

ಅಪ್ಪನ ಕೋಣೆ, ರೈಲು ನಿಲ್ದಾಣ

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸನಿಗೆ ಹದಿಮೂರಕ್ಕೇ ಮದುವೆ. 1885ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಹಾಸಿಗೆ ಹಿಡಿದಿದ್ದ ತಂದೆಯ ಕಾಲೊತ್ತುವುದು ಅವನ ದಿನದ ಕೆಲಸವಾಗಿತ್ತು. ಒಂದು ರಾತ್ರಿ ಚಿಕ್ಕಪ್ಪ ಬಂದು, ತಾನು ನೋಡ್ಕೊಳ್ತೀನಿ, ನೀನು ಮಲಗು ಅಂದರು. ಹುಡುಗ ನೇರ ಹೆಂಡತಿಯ ಕೋಣೆಗೆ ಹೋದ. ಐದಾರು ನಿಮಿಷದಲ್ಲಿ ಕೆಲಸದವನು ಬಾಗಿಲು ತಟ್ಟಿದ. ತಂದೆ ತೀರಿಹೋಗಿದ್ದರು. ಆ ರಾತ್ರಿಯ ನಾಚಿಕೆ ಗಾಂಧಿಯನ್ನು ಕೊನೆಯವರೆಗೂ ಬಿಡಲಿಲ್ಲ. ಹಾಸಿಗೆ, ದೇಹ, ಎಚ್ಚರ ಇವುಗಳ ಬಗ್ಗೆ ಅವರು ಮುಂದೆ ತಮ್ಮ ಮೇಲೆ ಮತ್ತು ಬೇರೆಯವರ ಮೇಲೆ ಹೇರಿದ ಕಟ್ಟುನಿಟ್ಟಿನ ಬೇರು ಒಂದಷ್ಟಾದರೂ ಅಲ್ಲಿದೆ ಅಂತ ನಂಗನ್ನಿಸುತ್ತೆ.

ಎರಡನೇ ರಾತ್ರಿ ಎಲ್ಲರಿಗೂ ಗೊತ್ತು, ಆದರೆ ಅದರಲ್ಲೊಂದು ಹಾಸಿಗೆಯ ಕತೆಯಿರೋದನ್ನ ನಾವು ಮರೀತೀವಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು, ಇಲ್ಲಿ ವಕೀಲಿಕೆ ಕುದುರದೆ, 1893ರಲ್ಲಿ ಒಂದು ಮೊಕದ್ದಮೆಗೆಂದು ದಕ್ಷಿಣ ಆಫ್ರಿಕಾಕ್ಕೆ ಹೋದ ಗಾಂಧಿಗೆ ಆಗ 23 ವರ್ಷ. ಡರ್ಬನ್ನಿನಿಂದ ಹೊರಟಾಗ ಮೊದಲ ದರ್ಜೆಯ ಟಿಕೆಟ್ ಇತ್ತು. ಮಲಗುವ ಹಾಸಿಗೆಗೆ ಬೇರೆ ಐದು ಶಿಲಿಂಗ್ ಕೊಡಬೇಕಿತ್ತು, ಅದನ್ನ ಉಳಿಸಲೆಂದು ತಮ್ಮದೇ ಹಾಸಿಗೆ ಒಯ್ದಿದ್ದರು. ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ರೈಲ್ವೆಯವನೊಬ್ಬ ಬಂದು ಹಾಸಿಗೆ ಬೇಕಾ ಅಂತ ಕೇಳಿ ಹೋದ. ಆಮೇಲೆ ಬಂದ ಬಿಳಿಯ ಪ್ರಯಾಣಿಕ ಕಂದು ಬಣ್ಣದವನನ್ನು ಕಂಡು ಅಧಿಕಾರಿಗಳನ್ನ ಕರೆತಂದ. ಪೊಲೀಸ್ ಪೇದೆ ಗಾಂಧಿಯನ್ನ ಕೆಳಗಿಳಿಸಿದ. ಚಳಿಗಾಲ. ಓವರ್‌ಕೋಟು ರೈಲ್ವೆಯವರ ವಶದಲ್ಲಿದ್ದ ಲಗೇಜಿನಲ್ಲಿತ್ತು. ಕೇಳಿದರೆ ಮತ್ತೆ ಅವಮಾನ ಆದೀತೆಂದು ಕೇಳಲಿಲ್ಲ. ಕತ್ತಲ ವೇಯಿಟಿಂಗ್ ರೂಮಿನಲ್ಲಿ ನಡುಗುತ್ತ ಕೂತರು. ವಾಪಸ್ ಹೋಗೋದೋ, ಉಳಿದು ಹೋರಾಡೋದೋ ಅನ್ನೋದು ಬೆಳಗಾಗುವುದರೊಳಗೆ ತೀರ್ಮಾನವಾಯಿತು. ಉಳಿದರು. ಆ ಉಳಿವು ಮುಂದೆ 21 ವರ್ಷ ಬೆಳೆಯಿತು.

ನಾಲ್ಕರ ಗಂಟೆ

1910ರಲ್ಲಿ ಜೊಹಾನ್ಸ್‌ಬರ್ಗಿನ ಹತ್ತಿರ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದಾಗ ಗಾಂಧಿ ಜಗಲಿಯಲ್ಲಿ, ಬಯಲ ಗಾಳಿಯಲ್ಲಿ ಮಲಗೋಕೆ ಶುರುಮಾಡಿದರು. 1915ರ ಜನವರಿಯಲ್ಲಿ ದೇಶಕ್ಕೆ ಮರಳಿ ಮೂರನೇ ದರ್ಜೆಯ ಡಬ್ಬಿಗಳಲ್ಲಿ ಓಡಾಡಿದರು. ಹೆಸರು ಬೆಳೆದ ಮೇಲೆ ಮತ್ತೊಂದು ಕಾಟ: ನಡುರಾತ್ರಿಯ ನಿಲ್ದಾಣಗಳಲ್ಲೂ ಜೈಕಾರ ಹಾಕುವ ಜನ ಕಿಟಕಿ ತಟ್ಟಿ ಎಬ್ಬಿಸುತ್ತಿದ್ದರು. ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳ: ಸಿಕ್ಕಾಗ ಮಲಗೋದು. ಹಗಲಲ್ಲಿ ಹತ್ತು ಇಪ್ಪತ್ತು ನಿಮಿಷ ಸಿಕ್ಕರೂ ಕಣ್ಣು ಮುಚ್ಚಿ ನಿದ್ದೆಗೆ ಜಾರುತ್ತಿದ್ದರು ಅಂತ ಹತ್ತಿರದವರೆಲ್ಲ ಹೇಳಿದ್ದಾರೆ.

ಸಾಬರಮತಿ ಆಶ್ರಮದಲ್ಲಿ ಬೆಳಗಿನ ನಾಲ್ಕಕ್ಕೆ ಗಂಟೆ ಹೊಡೆಯುತ್ತಿತ್ತು. ಆಮೇಲೆ ಪ್ರಾರ್ಥನೆ. ಗಾಂಧಿಗೆ ಇದು ಹೊಂದಿತ್ತು. ಆದರೆ ಮಕ್ಕಳು, ಬಾಣಂತಿಯರು, ಕಾಯಿಲೆಯವರು, ಅಡಿಗೆ ಮುಗಿಸಿ ತಡವಾಗಿ ಮಲಗಿದ ಹೆಂಗಸರೂ ಅದೇ ಆಶ್ರಮದಲ್ಲಿದ್ದರು. ಎಲ್ಲರ ದೇಹದ ಗಡಿಯಾರವೂ ಒಬ್ಬನ ದೇಹದ ಗಡಿಯಾರಕ್ಕೆ ತಾಳ ಹಾಕಬೇಕು ಅನ್ನೋದರಲ್ಲಿ ಅಧಿಕಾರ ಇದೆ. ಗಾಂಧಿ ದೊಡ್ಡವರು ಅಂತ ಇದನ್ನ ನಾವು ಹೇಳದೇ ಬಿಡಬೇಕಿಲ್ಲ.

ಅವರ ಸೊಂಟದಲ್ಲಿ ಯಾವಾಗಲೂ ಒಂದು ಗಡಿಯಾರ ನೇತಾಡುತ್ತಿತ್ತು. ಅಂಥದರಲ್ಲಿ ಒಂದು ಸ್ವಿಸ್ ಕಂಪನಿ ಝೆನಿತ್‌ನ ಬೆಳ್ಳಿಯ ಪಾಕೆಟ್ ವಾಚು. ಅದರ ವಿಶೇಷ ಅಂದ್ರೆ ಅಲಾರಾಂ. ಮೈಮೇಲೆ ಧರಿಸಿ ಎದ್ದೇಳುವ ಹೊತ್ತು ತಿಳಿಸುವ ಯಂತ್ರ, ಅಂದರೆ ಇವತ್ತಿನ ನಮ್ಮ ಬ್ಯಾಂಡಿನ ಅಜ್ಜ. ಕೊನೆಗೆ ಅದನ್ನ ಮೊಮ್ಮಗಳಂತಿದ್ದ ಆಭಾಗೆ ಕೊಟ್ಟರು. 2009ರ ಮಾರ್ಚಿನಲ್ಲಿ ಅದು, ಕನ್ನಡಕ, ಚಪ್ಪಲಿ, ಬಟ್ಟಲುಗಳ ಜೊತೆ ನ್ಯೂಯಾರ್ಕಿನಲ್ಲಿ ಹರಾಜಾಗಿ 18 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ನಮ್ಮ ವಿಜಯ್ ಮಲ್ಯ. ಆ ವಾಚು ಗಾಂಧಿಯನ್ನ ಎಬ್ಬಿಸುತ್ತಿತ್ತು, ಅಷ್ಟೆ. ಅವರು ಎಷ್ಟು ಮಲಗಿದರು ಅಂತ ಸ್ವಿಟ್ಜರ್ಲೆಂಡಿಗೆ ವರದಿ ಕಳಿಸುತ್ತಿರಲಿಲ್ಲ.

ಅರೆನಿದ್ದೆಯ ಹರತಾಳ

1919ರ ಮಾರ್ಚ್. ವಿಚಾರಣೆ ಇಲ್ಲದೇ ಬಂಧಿಸಿಡಲು ಅವಕಾಶ ಕೊಡುವ ರೌಲತ್ ಕಾಯ್ದೆ ಜಾರಿಯಾಗಿತ್ತು. ಎದುರಿಸೋದು ಹೇಗೆ ಅಂತ ಹೊಳೆಯದೆ ಗಾಂಧಿ ಮದ್ರಾಸಿನಲ್ಲಿ ರಾಜಗೋಪಾಲಾಚಾರಿಯವರ ಮನೆಯಲ್ಲಿದ್ದರು. ಬೆಳಗಿನ ಜಾವ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಹೊತ್ತಿನಲ್ಲಿ, ಇಡೀ ದೇಶ ಒಂದು ದಿನ ಕೆಲಸ ನಿಲ್ಲಿಸಿ ಉಪವಾಸವಿದ್ದು ಪ್ರಾರ್ಥಿಸಬೇಕು ಅನ್ನೋ ಯೋಚನೆ ಬಂತು. ಎದ್ದವರೇ ರಾಜಾಜಿಗೆ ಹೇಳಿದರು. ಏಪ್ರಿಲ್ 6ರಂದು ಅಂಗಡಿ ಮುಂಗಟ್ಟುಗಳು ಮುಚ್ಚಿದವು. ದೇಶವ್ಯಾಪಿ ಹರತಾಳ ಅನ್ನುವ ಆಯುಧ ಕೈಗೆ ಬಂದದ್ದು ಹಾಗೆ. ಒಂದು ವಾರದಲ್ಲಿ ಜಲಿಯನ್‌ವಾಲಾಬಾಗ್ ನಡೆಯಿತು. ಮುಂದಿನದು ಇತಿಹಾಸ. ನನ್ನ ಬ್ಯಾಂಡು ಇಂಥ ಹೊತ್ತನ್ನ ಹಗುರ ನಿದ್ದೆ ಅಂತ ನಮೂದಿಸಿ ಅಂಕ ಕಳೀತಿತ್ತೇನೋ.

ನಮ್ಮ ಕಡೆಗೂ ಅವರು ಬಂದಿದ್ದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ, ಗಾಂಧಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ. ಸೂಪಾದ ಕಾಡಿಗೆ ಖಾನಾಪುರ ದಾಟಿದರೆ ಬೆಳಗಾವಿಯೇ. ಆಗಷ್ಟೇ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ 21 ದಿನ ಉಪವಾಸ ಮಾಡಿದ್ದ ದೇಹವದು. 1934ರ ಹರಿಜನ ಪ್ರವಾಸದಲ್ಲಿ ಕಾರವಾರ, ಶಿರಸಿಯ ಕಡೆಯೂ ಬಂದರು. ಅಂಕೋಲೆ ಸಿದ್ದಾಪುರಗಳ ರೈತರು ಕರ ನಿರಾಕರಿಸಿ ಹೊಲ ಮನೆ ಕಳಕೊಂಡಿದ್ದ ಕಾಲ.

ಇವೆರಡರ ನಡುವೆ ದೇಹ ಒಮ್ಮೆ ಕೈಕೊಟ್ಟಿತು. 1927ರ ಮಾರ್ಚ್ ಕೊನೆಗೆ ಖಾದಿ ಪ್ರವಾಸದ ಓಡಾಟದಲ್ಲಿ ಕೊಲ್ಲಾಪುರ ನಿಪ್ಪಾಣಿ ಭಾಗದಲ್ಲಿದ್ದಾಗ ರಕ್ತದೊತ್ತಡ ಏರಿ ಕುಸಿದರು. ವೈದ್ಯರು ಕೆಲಸ ನಿಲ್ಲಿಸಲೇಬೇಕು ಅಂದರು. ಏಪ್ರಿಲಿನಲ್ಲಿ ಅವರನ್ನು ನಂದಿಬೆಟ್ಟಕ್ಕೆ ಕರೆತಂದರು. ಸುಮಾರು ಒಂದೂವರೆ ತಿಂಗಳು ಅಲ್ಲಿ, ಆಮೇಲೆ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ವಿಶ್ರಾಂತಿ. ಅಲ್ಲಿಂದ ಮುಂದೆ ರಕ್ತದೊತ್ತಡ ಅಳೆಯೋದು ಅವರ ಬದುಕಿನ ಭಾಗವಾಯಿತು. 1940ರ ಫೆಬ್ರವರಿಯಲ್ಲಿ ಒಮ್ಮೆ 220/110 ಮುಟ್ಟಿತ್ತು ಅಂತ 2019ರಲ್ಲಿ ಹೊರಬಂದ ಅವರ ಆರೋಗ್ಯ ದಾಖಲೆಗಳು ಹೇಳುತ್ತವೆ. ಯಂತ್ರ ನಾಗರಿಕತೆಯನ್ನ ಬೈದ ಮನುಷ್ಯ ಆ ಅಳತೆಯ ಯಂತ್ರವನ್ನ ದೂರ ಇಡಲಿಲ್ಲ. ಆದರೆ ನಂದಿಬೆಟ್ಟದಲ್ಲಿ ಅವರನ್ನ ಚೇತರಿಸಿದ್ದು ಯಂತ್ರ ಅಲ್ಲ, ಕೆಲಸ ನಿಂತದ್ದು. ಈ ವ್ಯತ್ಯಾಸ ನನ್ನ ತಲೆಯಲ್ಲಿ ಉಳೀತು.

ಮುಖದ ಮೇಲೆ ಟಾರ್ಚು

1930ರ ಮಾರ್ಚ್ 12ರಿಂದ 24 ದಿನ ನಡೆದು ದಂಡಿ ತಲುಪಿ, ಏಪ್ರಿಲ್ 6ರಂದು ಉಪ್ಪೆತ್ತಿದರು. ತಿಂಗಳೊಳಗೆ ದೇಶದ ತುಂಬ ಸಾವಿರಾರು ಜನ ಜೈಲು ಸೇರಿದರು, ಗಾಂಧಿಯನ್ನ ಮಾತ್ರ ಹಿಡಿಯಲಿಲ್ಲ. ಹಿಡಿದದ್ದು ಮೇ 4ರ ರಾತ್ರಿ ಕಳೆದು, ಹನ್ನೆರಡು ಮುಕ್ಕಾಲರ ಹೊತ್ತಿಗೆ. ಕರಾಡಿಯ ಗುಡಿಸಲಲ್ಲಿ ಮಲಗಿದ್ದವರ ಮುಖದ ಮೇಲೆ ಟಾರ್ಚ್ ಬಿತ್ತು. ಮ್ಯಾಜಿಸ್ಟ್ರೇಟ್, ಜೊತೆಗೆ ಬಂದೂಕು ಹಿಡಿದ ಪೊಲೀಸರು. ಕೈಯಲ್ಲಿ 1827ರ ಒಂದು ರೆಗ್ಯುಲೇಷನ್, ವಿಚಾರಣೆಯೇ ಬೇಡ ಅನ್ನುವಂಥದ್ದು. ಗಾಂಧಿ ಎದ್ದು ಹಲ್ಲುಜ್ಜಲು ಸಮಯ ಕೇಳಿದರು, ಪ್ರಾರ್ಥನೆ ಮಾಡಿಸಿದರು, ಯರವಡಾ ಜೈಲಿಗೆ ಹೊರಟರು. 1932ರ ಜನವರಿ 4ರಂದು ಮುಂಬಯಿಯ ಮಣಿಭವನದಲ್ಲಿ ಮತ್ತೆ ಹಾಗೇ, ಬೆಳಗಿನ ಜಾವ ಮೂರರ ಹೊತ್ತಿಗೆ. 1942ರ ಆಗಸ್ಟ್ 9ರಂದು, ಕ್ವಿಟ್ ಇಂಡಿಯಾ ಭಾಷಣದ ಮರುಬೆಳಗು, ಮತ್ತದೇ ಹೊತ್ತು. ಆ ಸಲ ಆಗಾಖಾನ್ ಅರಮನೆಯಲ್ಲಿ ಸೆರೆ. ಅಲ್ಲೇ ಆರು ದಿನಕ್ಕೆ ಮಹಾದೇವ ದೇಸಾಯಿ ಹೋದರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಹೋದರು.

ಜನ ಮಲಗಿದ್ದಾಗ ಬರೋದು ಸರ್ಕಾರಗಳ ಹಳೇ ಚಾಳಿ. ಸ್ವತಂತ್ರ ಭಾರತದಲ್ಲೂ 2011ರ ಜೂನ್ 4ರ ನಡುರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಬಾಬಾ ರಾಮದೇವ್ ಸಭೆಗೆ ಬಂದು ಮಲಗಿದ್ದವರ ಮೇಲೆ ಪೊಲೀಸರು ನುಗ್ಗಿದರು. ರಾಮದೇವ್ ರಾಜಕೀಯ ನಿಮಗೆ ಇಷ್ಟವೋ ಇಲ್ಲವೋ, ಆ ಪ್ರಕರಣದ 2012ರ ಫೆಬ್ರವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಿದ್ದೆಯನ್ನ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿ ನೋಡಿತು. ಇದು ನೆನಪಿರಲಿ.

ಕೊನೆಯ ರಾತ್ರಿಗಳು

1946ರ ಕೊನೆಗೆ ಗಾಂಧಿ ಕೋಮುಗಲಭೆಯಲ್ಲಿ ಬೆಂದಿದ್ದ ನೌಖಾಲಿಗೆ ಹೋದರು. ಹಳ್ಳಿಯಿಂದ ಹಳ್ಳಿಗೆ ಬರಿಗಾಲಲ್ಲಿ ನಡೆದರು. ಬೆಳಗಿನ ಎರಡು ಮೂರಕ್ಕೇ ಎದ್ದು ಕಾಗದ ಬರೆಯುತ್ತ ಕೂರುತ್ತಿದ್ದರು. ಬ್ರಹ್ಮಚರ್ಯದ ಪರೀಕ್ಷೆಯೆಂದು ಹದಿಹರೆಯದ ಮನುವನ್ನ ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಂಡದ್ದೂ ಆಗಲೇ. ಅದನ್ನವರು ಮುಚ್ಚಿಡಲಿಲ್ಲ. ಆದರೆ ಕಾರ್ಯದರ್ಶಿಯಾಗಿದ್ದ ನಿರ್ಮಲ್ ಕುಮಾರ್ ಬೋಸ್ ಖಂಡಿಸಿ ಜೊತೆ ಬಿಟ್ಟರು, ಟೈಪು ಮಾಡುತ್ತಿದ್ದ ಪರಶುರಾಮ್ ಹೊರಟುಹೋದರು. ನನ್ನ ಮಟ್ಟಿಗೆ ಅವರ ಆಕ್ಷೇಪ ಸರಿ. ಕೇಳುವವನು ಇಡೀ ದೇಶ ಪೂಜಿಸುವ ಮುದುಕ, ಹೇಳಬೇಕಾದವಳು ಅವನ ಆಸರೆಯಲ್ಲಿರುವ ಹುಡುಗಿ. ಅಲ್ಲಿ ಒಪ್ಪಿಗೆ ಅನ್ನೋ ಮಾತಿಗೆ ಏನರ್ಥ ಉಳೀತದೆ?

1947ರ ಆಗಸ್ಟ್ 14ರ ನಡುರಾತ್ರಿ ದೆಹಲಿಯಲ್ಲಿ ಸ್ವಾತಂತ್ರ್ಯದ ಘೋಷಣೆಯಾಗುವಾಗ ಗಾಂಧಿ ಕಲ್ಕತ್ತೆಯ ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಪಾಳುಬಿದ್ದ ಮನೆಯಲ್ಲಿ ಮಲಗಿದ್ದರು. ಎಲ್ಲರೂ ಎಚ್ಚರವಿದ್ದ ರಾತ್ರಿ ಅವರು ನಿದ್ದೆಯಲ್ಲಿ, ಎಂದಿಗಿಂತ ಮುಂಚೆ ಎದ್ದು ಪ್ರಾರ್ಥನೆಯಲ್ಲಿ. ಆಗಸ್ಟ್ 31ರ ರಾತ್ರಿ ಅದೇ ಮನೆಗೆ ಉದ್ರಿಕ್ತ ಹಿಂದೂ ಯುವಕರ ಗುಂಪು ನುಗ್ಗಿ, ಕಿಟಕಿ ಗಾಜು ಒಡೆದು ಅವರನ್ನ ಎಬ್ಬಿಸಿತು. ಮರುದಿನ ಉಪವಾಸ ಶುರು. ಮೂರು ದಿನದಲ್ಲಿ ಊರು ಶಾಂತವಾಯಿತು, ಮನೆಗೆ ಆಯುಧಗಳು ತಂದೊಪ್ಪಿಸಲ್ಪಟ್ಟವು.

1948ರ ಜನವರಿ 30ರಂದೂ ದೆಹಲಿಯ ಬಿರ್ಲಾ ಭವನದಲ್ಲಿ ಬೆಳಗಿನ ಮೂರೂವರೆಗೆ ಎದ್ದರು. ಪ್ರಾರ್ಥನೆ, ಬರವಣಿಗೆ, ಮಧ್ಯಾಹ್ನ ಒಂದು ಸಣ್ಣ ನಿದ್ದೆ. ಸಂಜೆ ಪಟೇಲರ ಜೊತೆ ಮಾತು ಬೆಳೆದು ಐದರ ಪ್ರಾರ್ಥನೆಗೆ ತಡವಾಯಿತು. ಈಚೆಗೆ ಹೊತ್ತಿನ ಲೆಕ್ಕವನ್ನ ಮನು ಆಭಾರಿಗೆ ಬಿಟ್ಟಿದ್ದರು, ತಡವಾದದ್ದಕ್ಕೆ ಅವರ ಮೇಲೇ ರೇಗುತ್ತ ನಡೆದರು. ಹತ್ತಾರು ನಿಮಿಷ ತಡ. ಗೋಡ್ಸೆ ಕಾಯ್ತಾ ಇದ್ದ.

ಈಗ ಬ್ಯಾಂಡಿನ ವಿಷಯ

ರಜೆ ಮುಗಿಸಿ ಬರುವಾಗ ನನ್ನ ಪ್ರಶ್ನೆ ಬದಲಾಗಿತ್ತು. ಬ್ಯಾಂಡೋ ಉಂಗುರವೋ ಅನ್ನೋದು ಚಿಲ್ಲರೆ ಪ್ರಶ್ನೆ. ನಾಲ್ಕರ ಗಂಟೆ ಯಾರು ಹೊಡೀತಾರೆ, ಟಾರ್ಚು ಯಾರ ಕೈಲಿದೆ ಅನ್ನೋದು ನಿಜವಾದ ಪ್ರಶ್ನೆ. ಆದರೂ ಚಿಲ್ಲರೆಗೂ ಉತ್ತರ ಬೇಕಲ್ಲ, ಹುಡುಕಿದೆ.

ಈ ಸಾಧನಗಳು ನಿದ್ದೆಯನ್ನ ನೋಡೋದಿಲ್ಲ, ಊಹಿಸ್ತವೆ. ಕೈಯ ಅಲುಗಾಟ ಒಂದು, ಚರ್ಮದ ಮೇಲೆ ಬೆಳಕು ಬಿಟ್ಟು ಪತ್ತೆ ಹಚ್ಚುವ ನಾಡಿ ಬಡಿತ ಇನ್ನೊಂದು. ನಿದ್ದೆಯ ಹಂತಗಳನ್ನ ಸರಿಯಾಗಿ ಗುರುತಿಸಲು ಮಿದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯು ಇವನ್ನ ದಾಖಲಿಸಬೇಕು. ಬೆಂಗಳೂರಿನ ನಿಮ್ಹಾನ್ಸಿನಂಥ ಕಡೆ ಇರುವ ನಿದ್ರಾ ಪ್ರಯೋಗಾಲಯ ಮಾಡೋದು ಅದನ್ನೇ, ಜೊತೆಗೆ ಉಸಿರು, ಆಮ್ಲಜನಕವನ್ನೂ ಅಳೀತಾರೆ. ಒಟ್ಟು ಎಷ್ಟು ಹೊತ್ತು ಮಲಗಿದಿರಿ ಅನ್ನೋದನ್ನ ಬ್ಯಾಂಡು ಸುಮಾರಾಗಿ ಹೇಳುತ್ತೆ. ಅಲುಗದೆ ಎಚ್ಚರವಾಗಿ ಬಿದ್ದುಕೊಂಡಿದ್ದರೆ ಅದನ್ನೂ ನಿದ್ದೆ ಅಂದುಬಿಡುತ್ತೆ. ಗಾಢ ನಿದ್ದೆ ಇಷ್ಟು ನಿಮಿಷ ಅನ್ನೋ ಅಂಕಿಯನ್ನ ಮನಸ್ಸಿಗೆ ಹಚ್ಕೋಬೇಡಿ. ಹಚ್ಕೊಂಡು ಅಂಕಕ್ಕಾಗಿಯೇ ನಿದ್ದೆಗೆಡುವವರು ಎಷ್ಟು ಹೆಚ್ಚಿದರೆಂದರೆ, 2017ರಲ್ಲಿ ಅಮೆರಿಕದ ಸಂಶೋಧಕರು ಅದಕ್ಕೆ ಆರ್ಥೋಸೋಮ್ನಿಯಾ ಅಂತ ಹೆಸರಿಟ್ಟರು. ಜೋರು ಗೊರಕೆ, ಮಧ್ಯೆ ಉಸಿರು ಕಟ್ಟಿದ ಹಾಗಾಗೋದು, ಹಗಲೆಲ್ಲ ತೂಕಡಿಕೆ ಇದ್ದರೆ ಗ್ಯಾಜೆಟ್ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ.

ಕೊಳ್ಳಲೇಬೇಕು ಅಂದ್ರೆ ಇಷ್ಟು ನೋಡಿ: ಇಂಟರ್ನೆಟ್ಟಿಲ್ಲದೇ ಕೆಲಸ ಮಾಡುತ್ತಾ? ತಿಂಗಳ ಚಂದಾ ಕಟ್ಟದಿದ್ದರೆ ಮೂಕವಾಗುತ್ತಾ? ನಿಮ್ಮ ದಾಖಲೆಯನ್ನ ನೀವೇ ಅಳಿಸಬಹುದಾ? ಯಾರ್ಯಾರಿಗೆ ಹಂಚುತ್ತಾರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿರಬೇಕು ಅನ್ನುತ್ತೆ. ಸಂಬಳ ಕೊಡುವವನು ಫಾರಂ ಮುಂದೆ ಹಿಡಿದಾಗ ಅದು ಎಷ್ಟು ಮುಕ್ತ ಅನ್ನೋದನ್ನ ನೌಖಾಲಿಯ ಹುಡುಗಿಯ ಕತೆ ಓದಿದ ಮೇಲೆ ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಇನ್ನು ಗಂಟೆ ಹೊಡೆಯುವವರ ವಿಷಯ. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೆ ದಾರಿ ಮಾಡಿತು. ಆಗ ಬಿಜೆಪಿ ಸರ್ಕಾರ. 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಇದ್ದದ್ದು ಕಾಂಗ್ರೆಸ್ ಸರ್ಕಾರ. ನೌಕರರ ಸಂಘ ಬೀದಿಗಿಳಿಯಿತು. ಒಂದು ಕಡೆ ರಾತ್ರಿಯನ್ನ ಕತ್ತರಿಸುವ ಕಾನೂನು, ಇನ್ನೊಂದು ಕಡೆ ಉಳಿದ ತುಂಡನ್ನ ಚೆನ್ನಾಗಿ ಮಲಗಲು ಅಂಕಪಟ್ಟಿ. ನಿದ್ದೆಗೇಡಿತನ ನಮ್ಮ ವೈಯಕ್ತಿಕ ದೌರ್ಬಲ್ಯ ಅಂತ ನಾವೇ ನಂಬಿಬಿಟ್ಟರೆ ಶಿಫ್ಟಿನ ಬಗ್ಗೆ ಯಾರೂ ಕೇಳೋದಿಲ್ಲ.

ಗಾಂಧಿಯಿಂದ ನಾನು ನಾಲ್ಕರ ಗಂಟೆ ತಗೊಳ್ಳಲಿಲ್ಲ. ನಮ್ಮ ಆಯಿಗೆ ಹೊಂದಿದ್ದು ನನಗೆ ಹೊಂದಲ್ಲ. ತಗೊಂಡದ್ದು ಎರಡು: ಸೊಂಟದ ವಾಚು ಎಬ್ಬಿಸಲಿ, ಆದರೆ ಬೇರೆಯವರಿಗೆ ವರದಿ ಒಪ್ಪಿಸದಿರಲಿ. ಮತ್ತೆ, ದೇಹ ಕುಸಿದರೆ ಅಳತೆ ಜಾಸ್ತಿ ಮಾಡೋದಲ್ಲ, ಕೆಲಸ ಕಡಿಮೆ ಮಾಡೋದು.

ತಿಂಗಳ ಕೊನೆಗೆ ಫಾರಂ ವಾಪಸ್ ಕೊಟ್ಟೆ, ಸಹಿ ಹಾಕದೆ. ಜೊತೆಗೆ ಒಂದು ಪುಟದ ಕಾಗದ: ಇಬ್ಬರು ಶಿಫ್ಟುಗಳ ನಡುವೆ ಕನಿಷ್ಠ ಬಿಡುವು ಕೊಡಿ, ಒಬ್ಬನಿಗೇ ತಿಂಗಳುಗಟ್ಟಲೆ ರಾತ್ರಿ ಪಾಳಿ ಹಾಕಬೇಡಿ, ಅಂಕಪಟ್ಟಿ ನಿಲ್ಲಿಸಿ. ತಂಡದ ಹನ್ನೊಂದು ಜನರಲ್ಲಿ ಏಳು ಜನ ಸಹಿ ಹಾಕಿದರು. ನಾಲ್ವರು ಹೆದರಿದರು. ಅವರ ಮೇಲೆ ನನಗೆ ಬೇಜಾರಿಲ್ಲ, ಅವರಿಗೂ ಮನೆ ಸಾಲ ಇದೆ. ಉತ್ತರ ಇನ್ನೂ ಬಂದಿಲ್ಲ.

ಗೆಳೆಯನ ಬ್ಯಾಂಡು ವಾಪಸ್ ಕೊಟ್ಟಿದ್ದೀನಿ. ಈಗ ಕೈಯಲ್ಲಿರೋದು ಅಪ್ಪನ ಹಳೇ ಎಚ್‌ಎಂಟಿ. ಅದಕ್ಕೆ ಕೀ ಕೊಡಬೇಕು, ಅಷ್ಟೆ.